ಕಸ್ತೂರಕ್ಕನ ಅಂಗೈ

ಯಾರ ತಲೆಯೇ ಇರಲಿ, ಕತ್ತರಿ ಹಿಡಿಯುವ ಮೊದಲು ಕಸ್ತೂರಕ್ಕ ನೆತ್ತಿಯ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಹೊಸದಾಗಿ ಬಂದವರು ಇದೇನೋ ಪೂಜೆ ಎಂದುಕೊಂಡು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. "ಕಣ್ಣ ಯಾಕ ಮುಚ್ಚತೀರಿ? ತಲಿ ಬಿಸಿ ಐತೋ ತಂಪೈತೋ ನೋಡಾಕತ್ತೇನಿ, ಅಷ್ಟ" ಎಂದು ಅವರು ನಗುತ್ತಿದ್ದರು.

ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಸಲೂನು, ಹೆಂಗಸರಿಗಷ್ಟೇ. ಅಲ್ಲಿ ಅವರದೇ ಕಟ್ಟುಪಾಡುಗಳಿದ್ದವು. ಬಂಗಲೆಯವರೇ ಬರಲಿ, ಕಬ್ಬು ಕಡಿಯುವವರೇ ಬರಲಿ, ಪಾಳಿ ಎಂದರೆ ಪಾಳಿ. ಎದ್ದು ಹೋದವರ ಸುದ್ದಿಯನ್ನು ಕುಳಿತವರ ಮುಂದೆ ಎತ್ತುವಂತಿಲ್ಲ. ನಾನೊಮ್ಮೆ ಎತ್ತಲು ಹೋದಾಗ ಕೈಗೆ ಕಸಬರಿಗೆ ಕೊಟ್ಟು, "ಕೂದಲಾ ಗುಡಿಸೂಮುಂದ ಆ ಮಾತನ್ನೂ ಗುಡಿಸಿಬಿಡು" ಎಂದಿದ್ದರು. ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡೆಂದರೆ, ಬಿಸಿ ತಲೆಗೆ ಕತ್ತರಿ ಹಾಕುವಂತಿಲ್ಲ.

ಅಂಕಲಗಿಯ ಒಬ್ಬ ಹೆಂಗಸು ಗಂಡನ ಜೊತೆ ಜಗಳಾಡಿ ಬಂದು, ಸೊಂಟ ಮುಟ್ಟುವ ಜಡೆ ಬಿಚ್ಚಿ, "ಭುಜದ ಮಟ ಕತ್ತರಿಸಿ ಒಗೀರಿ" ಎಂದಳು. ಕಸ್ತೂರಕ್ಕ ಅಂಗೈ ಇಟ್ಟು ನೋಡಿದರು. ಕತ್ತರಿ ಬದಿಗಿಟ್ಟು, ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಲೆಗೆ ತಿಕ್ಕಿದರು. "ನಾಳಿ ಬರ್ರಿ. ನಾಳಿನೂ ಇದ ಮಾತ ಇದ್ರ ಕತ್ತರಸೋಣಂತ." ಕೈಗೆ ಬಂದ ಗಿರಾಕಿ ತಪ್ಪಿತಲ್ಲ ಎಂದು ನಾನು ಒಳಗೊಳಗೇ ಹಲುಬಿದೆ. ಮರುದಿನ ಆಕೆ ಬಂದೇ ಬಂದಳು. ಕಸ್ತೂರಕ್ಕ ಮತ್ತೆ ಅಂಗೈ ಇಟ್ಟು, "ಈಗ ಖರೇನ ನಿಮಗ ಬೇಕಾಗೇತಿ" ಎಂದು ಭುಜದ ಮಟ್ಟಕ್ಕೆ ಕತ್ತರಿಸಿದರು. ಆಕೆ ಕನ್ನಡಿಯ ಮುಂದಿನಿಂದ ಏಳಲೇ ಇಲ್ಲ, ಅಷ್ಟು ಖುಷಿ. ಜಡೆ ಉಳಿಯಿತು ಎಂದುಕೊಂಡಿದ್ದ ನಾನು ಬೆಪ್ಪಾದೆ.

ನಾನು ಅವರ ಬಳಿ ಕೆಲಸಕ್ಕೆ ಸೇರಿದ್ದು, ಗಂಡ ತೀರಿಕೊಂಡು ಮೂಡಲಗಿಯಿಂದ ಗೋಕಾಕದ ತವರಿಗೆ ಬಂದ ಮೇಲೆ. ಕೈ ಚುರುಕಾಗಿತ್ತು, ಬೇಗ ಕಲಿತೆ. ಆದರೆ ಮದುಮಗಳು ಬಂದಳೆಂದರೆ ನಾನಾಗಿಯೇ ಹಿಂದಿನ ಕೋಣೆಗೆ ಹೋಗಿ ಟವೆಲ್ ಮಡಚುತ್ತಿದ್ದೆ. ಗಂಡ ಸತ್ತವಳ ಕೈಯಿಂದ ಮದುಮಗಳಿಗೆ ಜಡೆ ಹಾಕಿಸಬಾರದು ಎಂಬುದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳಬೇಕಾದ ಮಾತಲ್ಲ. ಮದುವೆ ಕೆಲಸ ಮಾಡದವಳು ಸ್ವಂತ ಸಲೂನು ಇಡುವುದೂ ಆಗದ ಮಾತು. ಆ ಆಸೆಯನ್ನೂ ಟವೆಲ್ಲಿನ ಜೊತೆಗೇ ಮಡಚಿಟ್ಟಿದ್ದೆ. ಕಸ್ತೂರಕ್ಕ ಇದನ್ನೆಲ್ಲ ನೋಡುತ್ತಿದ್ದರು.

ಅವರ ಮಗಳು ವಿದ್ಯಾಳ ಮದುವೆ ಹುಕ್ಕೇರಿಯಲ್ಲಿ ನಡೆಯಿತು. ಮದುಮಗಳ ಕೋಣೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಕಸ್ತೂರಕ್ಕ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಳಗೆ ಕರೆದು, ಎಲ್ಲರ ಎದುರು ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟರು.

"ತಂಪೈತಿ. ಹಣಿಗಿ ಹಿಡಿ."

ಅವರ ನಾದಿನಿ ಚನ್ನವ್ವನವರು ಮುಖ ಗಂಟಿಕ್ಕಿದರು. "ವೈನಿ, ಬ್ಯಾರೆ ಯಾರೂ ಸಿಗಲಿಲ್ಲೇನ್ರಿ?"

"ಭಾಳ ಮಂದಿ ಸಿಕ್ಕಿದ್ರವ್ವ. ಆದ್ರ ನನ್ನ ಮಗಳ ಜಡಿ ನೆಟ್ಟಗ ಬರಬೇಕಲ್ಲ."

ಯಾರೂ ನಗಲಿಲ್ಲ. ನಾನು ಹಣಿಗೆ ಹಿಡಿದು, ಬಾಚದೆ ನಿಂತಿದ್ದೆ. ಆಗ ವಿದ್ಯಾ ಕುತ್ತಿಗೆ ತಿರುಗಿಸದೆಯೇ, "ಲಗೂ ಹಾಕ್ರಿ ಅಕ್ಕಾರ, ಹೊಟ್ಟಿ ಹಸದೈತಿ" ಎಂದಳು. ಹಾಕಿದೆ. ಮುಂದೆ ಮೂಡಲಗಿಗೇ ಮರಳಿ ಹೋಗಿ ನನ್ನದೇ ಸಲೂನು ತೆರೆದಾಗ, ಆ ಮದುವೆಯ ಫೋಟೊ ನೋಡಿಯೇ ಮೊದಲ ಮದುಮಗಳು ಬಂದಳು. ಇವತ್ತು ನಾನು ಉಣ್ಣುವ ಅನ್ನವಿರಲಿ, ಓಣಿಯಲ್ಲಿ ತಲೆ ಎತ್ತಿ ನಡೆಯುವ ಧೈರ್ಯವಿರಲಿ, ಎರಡೂ ಅವರು ಕೊಟ್ಟದ್ದೇ.

ಕೆಲವು ವರ್ಷಗಳ ಮೇಲೆ ಅವರ ಯಜಮಾನರು ತೀರಿಕೊಂಡರು. ನಾನು ಮಾತಾಡಿಸಲು ಗೋಕಾಕಕ್ಕೆ ಹೋದಾಗ, ದಿನವೂ ಅಬ್ಬಲಿ ಹೂ ಮುಡಿಯುತ್ತಿದ್ದ ಕಸ್ತೂರಕ್ಕ ಕೆದರಿದ ತಲೆಯಲ್ಲಿ ಮೂಲೆ ಹಿಡಿದಿದ್ದರು. "ಸಲೂನ ಮುಚ್ಚಿಬಿಡತೇನಿ ಸುವರ್ಣಾ. ಈ ಕೂದಲಾನೂ ಗಿಡ್ಡ ಮಾಡಿಬಿಡು. ಇನ್ನ ಯಾರಿಗಿ ಬೇಕಾಗೇತಿ?"

ಇಂಥವರೂ ಹೀಗೆ ಅನ್ನುತ್ತಾರಲ್ಲ ಎಂದು ನನಗೆ ಸಿಟ್ಟೇ ಬಂತು. ಅವರ ನೆತ್ತಿಯ ಮೇಲೆ ಅಂಗೈ ಇಟ್ಟೆ. "ಬಿಸಿ ಐತಿ ಅಕ್ಕಾರ. ಇವತ್ತ ಎಣ್ಣಿ ಅಷ್ಟ. ನಾಳಿ ಬರತೇನಿ."

ಮರುದಿನ ಹೋದಾಗ ತಲೆಸ್ನಾನ ಮಾಡಿ, ಕೂದಲು ಹರವಿಕೊಂಡು ಕುಳಿತಿದ್ದರು. ಕತ್ತರಿಯ ಸುದ್ದಿ ಎತ್ತಲಿಲ್ಲ. "ಹೂವಾ ತಂದೀಯೇನು?" ಎಂದು ಕೇಳಿದರು. ತಂದಿದ್ದೆ. ಮುಡಿಸುವಾಗ ಅಲ್ಲೇ ಇದ್ದ ಚನ್ನವ್ವನವರು ಎದ್ದು ಒಳಗೆ ಹೋದರು. ಆ ವಾರವೇ ಸಲೂನಿನ ಬಾಗಿಲು ತೆರೆಯಿತು.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗ, ಹಣಿಗೆ ಚೀಲಕ್ಕೆ ಹಾಕಿಕೊಂಡೇ ಗೋಕಾಕದ ಬಸ್ಸು ಹತ್ತಿದೆ. ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ರೂಢಿಯಂತೆ ನೆತ್ತಿಯ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು. ಅಳುತ್ತಲೇ ಬಾಚಿ ಜಡೆ ಹಾಕಿದೆ. ಹೂವಿಗೆಂದು ಚೀಲದಲ್ಲಿ ಕೈ ಹಾಕಿದರೆ, ಅವಸರದಲ್ಲಿ ತರುವುದನ್ನೇ ಮರೆತಿದ್ದೆ.

ಹಿಂದಿನಿಂದ ಯಾರೋ ಅಬ್ಬಲಿ ಮಾಲೆಯನ್ನು ನನ್ನ ಕೈಗಿಟ್ಟರು. ತಿರುಗಿ ನೋಡಿದರೆ ಚನ್ನವ್ವನವರು.

"ಮುಡಸವ್ವ" ಎಂದರು. "ನೆಟ್ಟಗ ಇರಲಿ."