ಸಾವ್ಕಾರರ ಚೀಲ

ಸಾವ್ಕಾರರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರ ಮಾಡಿ, ಅದನ್ನು ಮಕ್ಕಳಿಗೆ ವಹಿಸಿ ಧಾರವಾಡಕ್ಕೆ ಬಂದು ನೆಲೆಸಿದವರು. ಸಂಜೆ ಮಾಳಮಡ್ಡಿಯ ನಮ್ಮ ಬೇವಿನ ಕಟ್ಟೆಗೆ ಬಂದರೆ ಚಹಾವನ್ನು ಬಸಿಗೆ ಸುರಿದು, ಕಟ್ಟೆಗೆಲ್ಲ ಕೇಳುವಂತೆ ಸೊರ್ರೆಂದು ಹೀರುವರು. ಚದುರಂಗ ಆಡುವಾಗ ಕುದುರೆಯನ್ನು ಎತ್ತಿ, ಅರಳೆಯ ಎಳೆ ಪರೀಕ್ಷಿಸುವಂತೆ ಬೆರಳಲ್ಲಿ ತಿರುಗಿಸಿ, ಮತ್ತೆ ಇದ್ದಲ್ಲೇ ಇಡುವರು. ಇಂಥವರ ಜೊತೆ ನಾನು ವರ್ಷಗಟ್ಟಲೆ ಆಡಿದ್ದು ಒಂದೇ ಕಾರಣಕ್ಕೆ. ಅವರು ದಿನವೂ ಸೋಲುತ್ತಿದ್ದರು.

ಸೋತವನು ಕಾಯಿಗಳನ್ನೆಲ್ಲ ಆಯ್ದು ಚೀಲಕ್ಕೆ ತುಂಬಿ ದಾರ ಕಟ್ಟಬೇಕು. ಇದು ನಮ್ಮ ಕಟ್ಟೆಯ ಪದ್ಧತಿ. ಸಾವ್ಕಾರರು ಮೊಣಕಾಲು ಹಿಡಿದುಕೊಂಡು ಬಗ್ಗಿ ಕಾಯಿ ಆಯುವುದನ್ನು ನಾನು ಕಾಲು ಚಾಚಿ ನೋಡುತ್ತಿದ್ದೆ. ಒಂದೇ ಒಂದು ಸಲ ನನ್ನ ಕೈಯಿಂದ ಚೀಲ ಕಟ್ಟಿಸಬೇಕೆಂಬುದು ಅವರ ಆಸೆ. ಅದನ್ನು ಎಲ್ಲರೆದುರು ಹೇಳುತ್ತಲೂ ಇದ್ದರು. ಅರಳೆ ತೂಗಿದವರಿಗೆ ಆನೆ ಏರುವ ಆಸೆ ಎಂದು ನಾನು ನಗಿಸುತ್ತಿದ್ದೆ.

ಅವರು ಆಡುತ್ತಿದ್ದುದು ಮನೆಯಾಟ. ಮೊದಲ ದಿನವೇ ತಮ್ಮ ಕಟ್ಟಳೆ ಹೇಳಿದ್ದರು: "ರಾಜಗ ಸರಿಯಾಕ ಜಾಗ ಇಲ್ಲಂದ್ರ ಅವ ಸೋತಂಗರಿ ಸರ, ಶಹ ಇರ್ಲಿ ಬಿಡ್ಲಿ. ನಮ್ಮಪ್ಪ ಹಿಂಗ ಕಲಿಸ್ಯಾನ." ನಾನು ಫೋನಿನಲ್ಲಿ ಆಡಿ ಕಲಿತವನು. ಅಲ್ಲಿ ಶಹ, ಅಂದರೆ ಚೆಕ್, ಇಲ್ಲದೆ ರಾಜ ಸಿಕ್ಕಿಬಿದ್ದರೆ ಆಟ ಸಮ. ಆದರೂ ಒಪ್ಪಿದೆ. ಒಮ್ಮೆ ನಾನೇ ಅವರ ರಾಜನನ್ನು ಶಹ ಕೊಡದೆ ಮೂಲೆಗೆ ಕಟ್ಟಿಹಾಕಿ, ಅವರ ಕಟ್ಟಳೆಯಂತೆ ಗೆದ್ದೆ. ಅವರು ಬಗ್ಗಿ ಕಾಯಿ ಆಯ್ದು ಚೀಲ ಕಟ್ಟಿದರು.

ಹೋದ ಚಳಿಗಾಲದ ಒಂದು ಸಂಜೆ ಆಟ ತಿರುಗಿತು. ಅವರ ಬಳಿ ಮಂತ್ರಿ ಉಳಿದಿತ್ತು. ನನಗೆ ಒಂದು ಆನೆ ಮತ್ತು ಮುಂದೆ ಸರಿಯಲಾಗದ ಒಂದು ಕಾಲಾಳು. ನನ್ನ ರಾಜ ಮೂಲೆಯಲ್ಲಿ ಅಲುಗಾಡದಂತಿದ್ದ. ಜನ ಸುತ್ತ ನೆರೆದರು. ಸಾವ್ಕಾರರು ಚಹಾ ಮರೆತಿದ್ದರು. ಆ ಮುಖದ ಮೇಲಿನ ಸಂತೋಷ ಕಂಡು ನಾನು ಕಣ್ಣನ್ನು ಚದುರಂಗದ ಹಾಸಿನತ್ತ ತಿರುಗಿಸಿದೆ. ಇಂಥ ಮನುಷ್ಯನ ಕೈಲಿ ಸೋಲುವುದೇ?

ಆನೆಯನ್ನು ಅವರ ರಾಜನ ಪಕ್ಕಕ್ಕೇ ಒಯ್ದು ಶಹ ಕೊಟ್ಟೆ. ಅವರು ರಾಜನಿಂದಲೇ ಅದನ್ನು ಹೊಡೆದರು. ಈಗ ನನ್ನ ರಾಜನಿಗೆ ಶಹ ಇಲ್ಲ, ನಡೆಯೂ ಇಲ್ಲ. ಸಾವ್ಕಾರರು ಚೀಲವನ್ನು ನನ್ನ ಕಡೆ ತಳ್ಳಿದರು.

"ಡ್ರಾ ಆತ್ರಿ ಸಾವ್ಕಾರ್ರ," ಎಂದೆ. ಜಗತ್ತೆಲ್ಲ ಹೀಗೇ ಆಡುತ್ತದೆಂದು ಫೋನು ತೆಗೆದು ತೋರಿಸಿದೆ. ನೆರೆದವರು ತಲೆದೂಗಿದರು. ಫೋನಿನಲ್ಲಿ ಬಂದದ್ದಕ್ಕೆಲ್ಲ ತಲೆದೂಗುವ ಮಂದಿ.

"ನೀವು ಹಿಂಗ ಗೆದ್ದಿದ್ರಲ್ಲರಿ ಸರ," ಎಂದರು ಸಾವ್ಕಾರರು ಮೆಲ್ಲಗೆ. ನನಗೆ ನೆನಪಿಲ್ಲ ಎಂದೆ. ಅವರು ತಮ್ಮ ಬಿಳಿ ಕಾಯಿಗಳನ್ನಷ್ಟೇ ಆಯ್ದು ಚೀಲಕ್ಕೆ ಹಾಕಿ, ಚೀಲವನ್ನು ಕಟ್ಟೆಯ ಮೇಲೇ ಬಿಟ್ಟು ಹೋದರು. ಮತ್ತೆ ಬರಲಿಲ್ಲ.

ಮೊದಮೊದಲು ಹಾಯೆನಿಸಿತು. ಆಮೇಲೆ ಯಾರನ್ನು ಸೋಲಿಸಿದರೂ ರುಚಿಯಿಲ್ಲ. ಕೊನೆಗೆ ಅವರ ಮನೆಗೆ ಹೋಗಿ, ಅಂದು ನೆನಪಿಲ್ಲ ಎಂದದ್ದು ಸುಳ್ಳು, ಗೆದ್ದದ್ದು ನೀವೇ ಎಂದೆ. ಕಟ್ಟೆಯ ಮೇಲೆ ಹೇಳಲು ಧೈರ್ಯವಿದೆಯೇ ಎಂದು ಅವರು ಕೇಳಿದರು. ಇಬ್ಬರೂ ಕೂಡಿಯೇ ಹೊರಟೆವು.

ಕಟ್ಟೆಯಲ್ಲಿ ನಿಂತು ಎಲ್ಲ ಹೇಳಿದೆ. ಅಂದು ತಲೆದೂಗಿದವರಲ್ಲೇ ಒಬ್ಬ ಶೇಂಗಾ ಸುಲಿಯುತ್ತ, "ಯಾವ ಆಟ ಕಾಕಾ?" ಎಂದ. ಉಳಿದವರಿಗೂ ನೆನಪಿರಲಿಲ್ಲ. ಇಂಥವರ ಎದುರು ಮಾನ ಉಳಿಸಿಕೊಳ್ಳಲೆಂದು ನಾನು ಸುಳ್ಳು ಹೇಳಿದ್ದೆ.

ಸಾವ್ಕಾರರ ಕಡೆ ನೋಡಲಾಗಲಿಲ್ಲ. ಅವರು ಹಾಸಿನ ಮೇಲಿದ್ದ ಕಾಯಿಗಳನ್ನು ಕೈಯಿಂದ ಒಂದೆಡೆ ಸರಿಸಿ, ಖಾಲಿ ಚೀಲ ನನ್ನ ಮುಂದಿಟ್ಟರು.

"ಅವರಿಗೆ ನೆನಪಿಲ್ಲಂದ್ರ ಇಲ್ಲ. ನನಗೈತಿ. ತುಂಬ್ರಿ."

ನಾನು ಬಗ್ಗಿ ಆಯತೊಡಗಿದೆ. ಬಗ್ಗಿದರೆ ಮೊಣಕಾಲು ಎಷ್ಟು ನೋಯುತ್ತದೆಂದು ಅಂದು ತಿಳಿಯಿತು. ದಾರ ಕಟ್ಟಿ ತಲೆಯೆತ್ತಿದಾಗ ಸಾವ್ಕಾರರು ಕಾಲು ಚಾಚಿ ಕೂತು, ಬಸಿಯಲ್ಲಿ ಚಹಾ ಹೀರುತ್ತಿದ್ದರು. ಆ ಸದ್ದು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ.