ಟವೆಲ್ಲಿನಡಿ ಹಿಡಿಯದ ಮೂರನೆಯ ಕೈ

ಈ ತಿಳಿವಳಿಕೆಗೆ ನಾನು ತೆತ್ತ ಬೆಲೆ, ಹಿರೇಕೆರೂರಿನ ನಮ್ಮಕ್ಕನ ಹೊಲದ ಒಂದು ಹಸನಾದ ಬಿತ್ತನೆ ಹದ. ಮಳೆ ಬಿದ್ದು ನೆಲ ಕರೆಯುತ್ತಿತ್ತು, ಎತ್ತು ಇರಲಿಲ್ಲ. ತಂದುಕೊಡುತ್ತೇನೆಂದು ಎದೆ ತಟ್ಟಿಕೊಂಡವನು ನಾನೇ, ಸವಣೂರು ಸೀಮೆಯ ದನದ ಸಂತೆಗಳಲ್ಲಿ ದಲಾಲಿ ಮಾಡಿ ಬದುಕು ಕಟ್ಟಿಕೊಂಡ ಜಾಣ.

ಸಂತೆಯ ವ್ಯಾಪಾರ ನೀವೂ ಕಂಡಿರಬೇಕು: ಕೈಮೇಲೆ ಟವೆಲ್ ಹೊದಿಸಿ, ಅದರಡಿ ಬೆರಳು ಹಿಡಿದು ದರ ಹೇಳುವುದು. ಅಲ್ಲಿ ಇಬ್ಬರ ಕೈಗಷ್ಟೇ ಜಾಗ. ಹತ್ತಿಮತ್ತೂರಿನ ಅಣ್ಣತಮ್ಮಂದಿರ ಜೋಡೆತ್ತನ್ನೂ ಹಾಗೆಯೇ ಕುದುರಿಸಿದೆ. ಅಣ್ಣನ ಬೆರಳು ಒಪ್ಪಿತು, ತಮ್ಮನದೂ ಒಪ್ಪಿತು. ಅವರ ಅವ್ವ ಹಿತ್ತಲಲ್ಲಿ ನನ್ನೊಬ್ಬನ ಮುಂದೆ, "ಒಯ್ಯಪ್ಪಾ, ನನಗೂ ಸಗಣಿ ಬಳಿಯಾಕ ಆಗವಲ್ದು" ಎಂದಳು. ಇನ್ನೇನು ಬೇಕು! ಮರುದಿನ ಹಗ್ಗ ಹಿಡಿಯಲು ಹೋದರೆ ಮೂವರೂ ಕಟ್ಟೆಯ ಮೇಲೆ ಒಟ್ಟಿಗೆ ಕೂತಿದ್ದರು. ಅವ್ವನೆದುರು ಅಣ್ಣ "ತಮ್ಮ ಅಂದಂಗ" ಎಂದ, ತಮ್ಮ "ಅಣ್ಣ ಅಂದಂಗ" ಎಂದ, ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಮಾರೂದಿಲ್ರಿ" ಎಂದರು ಇಬ್ಬರೂ, ಒಂದೇ ಉಸಿರಿಗೆ. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಅಕ್ಕನ ಮಗಳು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ನನ್ನ ಗೋಳು ಕೇಳಿ ಹಾಳೆಯ ಮೇಲೆ ಮೂರು ಚುಕ್ಕಿಯಿಟ್ಟು ಮೂರು ಗೆರೆ ಎಳೆದಳು. "ಮಾಮಾ, ಇಬ್ಬಿಬ್ಬರನ್ನ ಜೋಡಿಸಿ ನೀ ಕಟ್ಟಿದ್ದು ಇಷ್ಟ, ಬರೇ ಬೇಲಿ. ಮೂವರೂ ಕೂಡಿದಾಗ ಹುಟ್ಟೂದು ಒಳಗಿನ ಹೊಲ" ಎಂದು ತ್ರಿಕೋನದ ನಡುವನ್ನು ಗೀಚಿ ತುಂಬಿದಳು. ಯಾರಿಗೆ ಯಾರ ನಂಟು ಎಂದು ಲೆಕ್ಕ ಹಾಕುವ ಜಾಲಗಳ ಗಣಿತ ಈಗ ಆ ಹೊಲವನ್ನೇ ಅಳೆಯುತ್ತಿದೆಯಂತೆ: ಇಬ್ಬಿಬ್ಬರ ನಡುವಿನ ಎಳೆಗಳನ್ನಷ್ಟೇ ಎಣಿಸಿದರೆ ಮೆಲ್ಲಗೆ ಬದಲಾಗಬೇಕಾದ ಜಾಲ, ಮೂವರ ನಾಲ್ವರ ಕೂಟಗಳಿದ್ದರೆ ಒಮ್ಮೆಲೇ ಮಗುಚಿಬೀಳಬಹುದಂತೆ.

"ಇದನ್ನ ಮೊದಲ ಹೇಳಾಕ ಏನಾಗಿತ್ತವಾ ನಿನಗ?"

"ಸಂತಿ ವಿದ್ಯಾ ನನಗ್ಯಾರು ಕಲಿಸಬೇಕು ಅಂದಾವ ನೀನ" ಎಂದು ನಕ್ಕಳು. ಮೈಯೆಲ್ಲ ಉರಿಯಿತು.

ಆದರೂ ಗೆಳೆಯರೇ, ಅವಳ ಮಾತನ್ನು ತೆಗೆದುಹಾಕುವಂತಿಲ್ಲ. ಶಿಗ್ಗಾವಿಯ ಚಹಾದಂಗಡಿಯಲ್ಲಿ ಒಬ್ಬೊಬ್ಬರೇ ಬಂದು ಹೇಳಿದಾಗ ನಂಬದ ಸುದ್ದಿಯನ್ನು, ಮೂವರು ಒಂದೇ ಬೆಂಚಿನಲ್ಲಿ ಕೂತು ತಲೆಯಾಡಿಸಿದರೆ ನಾವು ನಂಬಿಬಿಡುವುದಿಲ್ಲವೇ?

ಹದ ಆರಿದ ಮೇಲೆ ಅಕ್ಕನನ್ನೇ ಕರೆದೊಯ್ದು ಆ ಮೂವರ ನಡುವೆ ಕೂರಿಸಿದೆ. ಮುದುಕಿ ಕೇಳಿದ್ದು ಒಂದೇ: "ಮಳಿಗಾಲದಾಗ ಅವಕ್ಕ ಬೆಚ್ಚನ್ನ ಜಾಗ ಐತೇನವಾ?"

"ಕೊಟ್ಟಿಗಿ ನನ್ನ ಅಡಗಿಮನಿ ಗ್ವಾಡಿಗೆ ಹತ್ತೇ ಐತಿ, ಯವ್ವಾ" ಎಂದಳು ಅಕ್ಕ. ಮುದುಕಿಯೇ ಎದ್ದು ಹಗ್ಗ ಕೊಟ್ಟಳು, ಮಕ್ಕಳು ಊರ ಅಗಸಿಯವರೆಗೆ ಎತ್ತು ಹೊಡೆದುಕೊಂಡು ಬಂದರು. ತಡವಾಗಿ ಬಿತ್ತಿದ ಬೀಜ ಮೊಳೆಯುವವರೆಗೂ ಅಕ್ಕ ನನ್ನೊಡನೆ ಮಾತಾಡಲಿಲ್ಲ.

ಆದ್ದರಿಂದ, ಎತ್ತಾಗಲಿ, ಸಂಬಂಧವಾಗಲಿ, ಮೂವರು ಒಪ್ಪಬೇಕಾದ ಕೆಲಸಕ್ಕೆ ಒಬ್ಬೊಬ್ಬರ ಕಿವಿ ಹುಡುಕಿಕೊಂಡು ಅಲೆಯಬೇಡಿ. ಒಂದೇ ಚಾಪೆ ಹಾಸಿ, ಒಂದೇ ಹೊತ್ತಿಗೆ ಎಲ್ಲರನ್ನೂ ಕೂಡಿಸಿ. ಎಲ್ಲರಿಗಿಂತ ಕಡಿಮೆ ಮಾತಾಡುವವರನ್ನು ಎಲ್ಲರಿಗಿಂತ ಮೊದಲು ಕೇಳಿ.