ಎಲುಬಿನೊಳಗಿನ ಸದ್ದು

ಟಿಕ್... ಟಿಕ್‌ಟಿಕ್... ಟಿಕ್. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಊಟದ ಹೊತ್ತಿಗೆ ಲೇತುಗಳೆಲ್ಲ ನಿಂತ ಮೇಲೆ, ವಿಕಿರಣ ಪತ್ತೆಹಚ್ಚಲು ನಾವು ತಯಾರಿಸುತ್ತಿದ್ದ ಕೌಂಟರಿನ ಈ ಸದ್ದು ಕೇಳುತ್ತಿತ್ತು. ವಿಕಿರಣ ಹತ್ತಿರವಾದಷ್ಟೂ ಅದು ದಟ್ಟವಾಗುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಆ ಕೌಂಟರುಗಳ ಟೆಸ್ಟಿಂಗ್ ನನ್ನ ಪಾಲಿನ ಕೆಲಸ.

ನಮ್ಮಲ್ಲೇ ಡ್ರಿಲ್ಲಿಂಗ್ ಮೆಷಿನ್ನಿನ ಮುಂದೆ ನಿಲ್ಲುತ್ತಿದ್ದ ಲಗ್ಗೆರೆಯ ಹುಡುಗಿಯೊಬ್ಬಳು ವರ್ಷದಿಂದ ಕುಂಟುತ್ತಿದ್ದಳು. ಸೊಂಟದ ಕೀಲಿನ ಎಲುಬಿನೊಳಗೆ ಕಡಲೆಕಾಳಿನಷ್ಟು ಗೆಡ್ಡೆ ಇರಬೇಕೆಂದು ಸರ್ಜನ್‌ಗೆ ಗುಮಾನಿ, ಆದರೆ ಎಕ್ಸ್‌ರೇಯಲ್ಲಿ ಜಾಗ ಸ್ಪಷ್ಟವಿರಲಿಲ್ಲ. ಅಂದಾಜಿನ ಮೇಲೆ ಕೊರೆದರೆ ಎಲುಬೇ ಮುರಿದೀತು, ಆಮೇಲೆ ಜೀವನಪೂರ್ತಿ ಊರುಗೋಲು. ಅವರು ಯಾವುದೋ ಫಾರಿನ್ ಜರ್ನಲ್ ಓದಿಕೊಂಡು ಶೆಡ್ಡಿಗೇ ಬಂದರು. ಗೆಡ್ಡೆ ಹೀರಿಕೊಳ್ಳುವಂಥ ವಿಕಿರಣದ ಔಷಧಿ ಚುಚ್ಚುತ್ತೇನೆ, ನಿಮ್ಮ ಕೌಂಟರಿಗೆ ಪೆನ್ಸಿಲ್‌ನಂಥ ಮೂತಿಯ ಪ್ರೋಬ್ ಮಾಡಿಕೊಡಿ, ಸದ್ದು ಹಿಡಿದು ಹೋಗುತ್ತೇನೆ ಎಂದರು. ಮಾಡಿಕೊಟ್ಟೆವು.

ಆಪರೇಷನ್ ದಿನ ಪ್ರೋಬಿನ ಜೊತೆ ನಾನೂ ಹೋದೆ. ಥಿಯೇಟರಿಗೆ ಒಯ್ಯುವ ಮುನ್ನ ಅವಳ ಸೊಂಟದ ಮೇಲೆ ಹಿಡಿದು ನೋಡಿದರೆ ಎತ್ತ ತಿರುಗಿಸಿದರೂ ಒಂದೇ ಅಬ್ಬರ. ಸರ್ಜನ್ ಮುಖ ಕಪ್ಪಿಟ್ಟಿತು.

"ನಿಮ್ಮ ಮೆಷಿನ್ ಕೆಟ್ಟಿದೆ ಮೇಡಂ. ಕ್ಯಾನ್ಸಲ್ ಮಾಡೋಣ."

ನಾನು ಪ್ರೋಬನ್ನು ಅವಳ ಹೊಕ್ಕುಳ ಕೆಳಗೆ ಒಯ್ದೆ. ಟಿಕ್‌ಟಿಕ್‌ಗಳ ನಡುವೆ ಸಂದೇ ಇಲ್ಲದಂತಾಯಿತು.

"ಲೇ, ಬೆಳಿಗ್ಗೆಯಿಂದ ಬಾತ್‌ರೂಮಿಗೆ ಹೋಗಿದ್ಯಾ?"

ಅವಳು ಹೊದಿಕೆ ಎಳೆದುಕೊಂಡಳು. "ಇಲ್ಲ ಕಣಕ್ಕ, ತಡ್ಕಂಡಿವ್ನಿ. ಬೊಂಬಾಯಿಂದ ಇಮಾನದಾಗೆ ತರ್ಸಿದ್ ಔಸ್ತಿ ಅಂದ್ರು. ಅಂಗೇ ಚೆಲ್ಬುಡಕಾಯ್ತದಾ?"

"ಪೆದ್ದಿ, ಎಲುಬಿಗೆ ಬೇಕಾದ್ದು ಅದು ಆಗಲೇ ಹಿಡ್ಕೊಂಡಾಯ್ತು. ಮಿಕ್ಕಿದ್ದು ಮೂತ್ರದಲ್ಲಿ ಕೂತು ಸದ್ದು ಮಾಡ್ತಿದೆ, ಅದು ಚೆಲ್ಲೋಕೇ ಇರೋದು. ಹೋಗು."

ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಡಿಕೋರಮ್ ಎಲ್ಲ ಮರೆತು ನಾನು ನಕ್ಕುಬಿಟ್ಟೆ. ಸರ್ಜನ್ ಮಾಸ್ಕ್ ಮೇಲೆಳೆದುಕೊಂಡು ಗೋಡೆಯ ಕಡೆ ತಿರುಗಿದರು. ಭುಜ ಮಾತ್ರ ಕುಲುಕುತ್ತಿತ್ತು.

ಅವಳು ಹೋಗಿ ಬಂದ ಮೇಲೆ ಅಬ್ಬರವೆಲ್ಲ ಇಳಿದು, ಎಡಗಡೆ ಒಂದೇ ಒಂದು ಕಡೆ ಸದ್ದು ಉಳಿಯಿತು. ಥಿಯೇಟರಿನಲ್ಲಿ ಅಲ್ಲೇ ಕೊರೆದರು. ಎಲುಬಿನ ಪುಟ್ಟ ಚೂರೊಂದನ್ನು ಟ್ರೇಯಲ್ಲಿಟ್ಟು, ಗಾಯಕ್ಕೆ ಪ್ರೋಬ್ ಹಿಡಿದರು: ಎಲ್ಲೋ ಒಂದು ಟಿಕ್. ಚೂರಿಗೆ ಹಿಡಿದರು: ಮಳೆ ಸುರಿದ ಹಾಗೆ ಟಿಕ್‌ಟಿಕ್‌ಟಿಕ್. "ಗಾಟ್ ಇಟ್," ಎಂದರು, ಮೆಲ್ಲಗೆ. ಸ್ಕೂಲಿನ ಪ್ರೈಜ್ ಡೇಯಲ್ಲಿ ನನ್ನ ಹೆಸರು ಕೂಗಿದಾಗಲೂ ನಾನು ಅಷ್ಟು ಬೀಗಿರಲಿಲ್ಲ.

ಮದುವೆಯಾಗಿ ಅವಳು ಕೆಲಸ ಬಿಟ್ಟಳು. ಕೊನೆಯ ಸಲ ನೋಡಿದ್ದು ರಾಜಗೋಪಾಲನಗರದ ತಿರುವಿನಲ್ಲಿ. ಎಡಸೊಂಟದ ಮೇಲೆ ದಷ್ಟಪುಷ್ಟ ಮಗುವನ್ನು ಕೂರಿಸಿಕೊಂಡು, ಸೀರೆ ಎತ್ತಿ ಕಟ್ಟಿ, ಹೊರಟ ಬಸ್ಸಿನ ಹಿಂದೆ ಓಡುತ್ತಿದ್ದಳು. "ಮಾತಾಡಕ್ಕೆ ಟೇಮಿಲ್ಲ ಕಣಕ್ಕ," ಎಂದು ಕೂಗಿ, ಫುಟ್‌ಬೋರ್ಡಿಗೆ ಹಾರಿದಳು.